ತುಂಗೆಗೆ ಬಿಟ್ಟ ಪಾಸ್‌ಪೋರ್ಟು

ಅರವತ್ತರ ದಶಕದ ನಡುವಿನ ಒಂದೆರಡು ವರ್ಷ ನಾನು ಎರಡು ದೇಶಗಳ ಪ್ರಜೆಯಾಗಿದ್ದೆ. ಹೆಮ್ಮೆಪಡುವಂಥ ಸಂಗತಿಯೇನೂ ಅಲ್ಲ. ಒಬ್ಬನಿಗೆ ಒಂದೇ ದೇಶವಿರತಕ್ಕದ್ದು ಎಂಬ ವಿಷಯದಲ್ಲಿ ಎಲ್ಲ ಸರ್ಕಾರಗಳೂ ಬಹಳ ಕಟ್ಟುನಿಟ್ಟು. ಆದರೆ ಸಾಗರದ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವ ಮೇಷ್ಟ್ರೊಬ್ಬ ಬೆಳಿಗ್ಗೆ ಎದ್ದು ಯಾವ ದೇಶದವನಾಗಿ ಹಲ್ಲುಜ್ಜುತ್ತಾನೆ ಎಂದು ವಿಚಾರಿಸಲು ಯಾವ ಸರ್ಕಾರಕ್ಕೂ ಪುರಸೊತ್ತಿರಲಿಲ್ಲ. ಹಾಗಾಗಿ ಈ ಅಪರಾಧ ಯಾರ ಗಮನಕ್ಕೂ ಬಾರದೆ, ನನ್ನ ಗಮನಕ್ಕೂ ಬಾರದೆ, ಸುಖವಾಗಿ ನಡೆದುಕೊಂಡು ಬಂದಿತ್ತು.

ನಾನು ಹುಟ್ಟಿದ್ದು ಸಿಂಗಾಪುರದಲ್ಲಿ. ಅಪ್ಪ ಹೊಸನಗರದ ಕಡೆಯಿಂದ ಹೋಗಿ ಅಲ್ಲೊಂದು ಊಟದ ಮನೆ ನಡೆಸುತ್ತಿದ್ದರು. ಆಗ ಆ ಊರು ಇಂಗ್ಲಿಷರದು, ಆದ್ದರಿಂದ ಅಲ್ಲಿ ಹುಟ್ಟಿದವರೂ ಇಂಗ್ಲಿಷರ ಪ್ರಜೆಗಳು. ಅಮ್ಮ ತೀರಿಕೊಂಡ ಮೇಲೆ, ನನಗೆ ಹದಿನೈದು ವರ್ಷವಾದಾಗ, ಅಪ್ಪ ನನ್ನ ಹೆಸರಿಗೊಂದು ನೀಲಿ ರಟ್ಟಿನ ಪಾಸ್‌ಪೋರ್ಟು ಮಾಡಿಸಿ, ಓದಲೆಂದು ನನ್ನನ್ನು ಅಮ್ಮನ ಅಕ್ಕನ ಮನೆಗೆ ಕಳಿಸಿದರು. ರಟ್ಟಿನ ಮೇಲೆ ಬಂಗಾರದ ಬಣ್ಣದಲ್ಲಿ ಒಂದು ಸಿಂಹ, ಒಂದು ಕೊಂಬಿನ ಕುದುರೆ ಎದುರುಬದುರು ನಿಂತಿದ್ದವು. ಪುಸ್ತಕದ ಆಯುಸ್ಸು ಐದು ವರ್ಷ. ಐದು ವರ್ಷ ಯಾವಾಗ ಕಳೆಯಿತೋ ಗೊತ್ತಾಗಲಿಲ್ಲ. ಈ ನಡುವೆ ಅಪ್ಪನೂ ಅಲ್ಲೇ ತೀರಿಕೊಂಡರು. ನನಗಿಂತ ಹನ್ನೆರಡು ವರ್ಷ ದೊಡ್ಡವಳಾದ, ಅಲ್ಲೇ ಮದುವೆಯಾಗಿದ್ದ ಅಕ್ಕ ಮಾತ್ರ ಅಲ್ಲಿ ಉಳಿದಳು.

ನಾನು ಇಲ್ಲಿ ಬಿ.ಎ. ಮುಗಿಸಿದೆ, ಮೇಷ್ಟ್ರಾದೆ, ವೋಟು ಹಾಕಿದೆ. ಒಮ್ಮೆ ಅಕ್ಕ ಕರೆದಾಗ ಹೋಗಿಬರೋಣವೆಂದು ಭಾರತದ ಪಾಸ್‌ಪೋರ್ಟನ್ನೂ ಮಾಡಿಸಿದ್ದೆ. ಆದರೆ ಆ ವರ್ಷವೇ ಲಿಂಗನಮಕ್ಕಿಯ ಅಣೆಕಟ್ಟಿನ ನೀರು ಏರುತ್ತ ಬಂದು ದೊಡ್ಡಮ್ಮನ ಊರನ್ನು ನುಂಗಿತು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಸಿಂಗಾಪುರದ ಪ್ರಯಾಣ ನಿಂತುಹೋಯಿತು. ಅಂತೂ ಒಂದು ಪುಸ್ತಕ ಜೀವಂತವಾಗಿ ಸಾಗರದ ನನ್ನ ಕೋಣೆಯ ಮೇಜಿನಲ್ಲಿತ್ತು. ವಾಯಿದೆ ಮುಗಿದ ಇನ್ನೊಂದು ಹೊಸನಗರದ ದೊಡ್ಡಮ್ಮನ ಮನೆಯ ತಗಡಿನ ಟ್ರಂಕಿನಲ್ಲಿತ್ತು, ಅಥವಾ ಇದೆಯೆಂದು ನಾನು ನಂಬಿದ್ದೆ.

ಫಾಲ್ಗುಣದ ಕೊನೆಯ ವಾರ ಅಕ್ಕನ ಕಾಗದ ಬಂತು. ಮಗಳ ಮದುವೆ ನಿಶ್ಚಯವಾಗಿತ್ತು, ವೈಶಾಖದಲ್ಲಿ ಮುಹೂರ್ತ. ಅಕ್ಕ ಬರೆದಿದ್ದಳು: “ಧಾರೆಯ ಹೊತ್ತಿಗೆ ಹುಡುಗಿಯನ್ನು ಎತ್ತಿಕೊಂಡು ಮಂಟಪಕ್ಕೆ ತರಲಿಕ್ಕೆ ಸೋದರಮಾವ ಬೇಕು. ನನಗೆ ಇರುವ ತಮ್ಮ ನೀನೊಬ್ಬ. ಅವನು ಬರದಿದ್ದರೆ ಪರವಾಗಿಲ್ಲ, ನಮ್ಮ ಕಡೆಯಿಂದಲೇ ಯಾರನ್ನಾದರೂ ಮಾವನಾಗಿ ನಿಲ್ಲಿಸೋಣ ಅಂತ ಇವರ ಮನೆಯವರು ಹೇಳುತ್ತಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿ ತವರಿನ ಸುದ್ದಿ ಹೇಳಿಕೊಂಡೇ ಬದುಕಿದ್ದೇನೆ. ಆ ದಿನ ಬಾಡಿಗೆ ಮಾವ ಬಂದರೆ ನಾನು ತಲೆ ಎತ್ತಲಾರೆ.”

ಕೆಳಗೆ ವ್ಯವಹಾರದ ಮಾತೂ ಇತ್ತು. ಭಾರತದ ಪಾಸ್‌ಪೋರ್ಟಿನಲ್ಲಿ ಹೋದರೆ ಅಲ್ಲಿ ಇಳಿಯಲು ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಓಡಾಡಬೇಕು. ಆದರೆ ಅಲ್ಲೇ ಹುಟ್ಟಿದವನೆಂದು ತೋರಿಸಿದರೆ ದಾರಿ ಸಲೀಸು. ಹುಟ್ಟಿದ ದಾಖಲೆಗಳು ಯುದ್ಧದಲ್ಲಿ ಸುಟ್ಟುಹೋಗಿದ್ದವು. “ವಾಯಿದೆ ಮುಗಿದಿದ್ದರೂ ಚಿಂತೆಯಿಲ್ಲವಂತೆ, ನಿನ್ನ ಹಳೆಯ ನೀಲಿ ಪುಸ್ತಕ ತಪ್ಪದೆ ತಾ. ನೀನು ಇಲ್ಲಿಯವನು ಅನ್ನುವುದಕ್ಕೆ ಉಳಿದಿರುವುದು ಅದೊಂದೇ.”

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೊಸನಗರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಬಸ್ಸಿನ ವೇಗ ಸಾಲಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿಯೇ ಕೂತಿದ್ದೆ. ಕಂಡಕ್ಟರು ಎರಡು ಸಲ ನೋಡಿದ, ಮೂರನೆಯ ಸಲಕ್ಕೆ ತಡೆಯಲಾರದೆ ಕೇಳಿದ.

“ಎಂತ ಮೇಷ್ಟ್ರೇ, ಕೂತಲ್ಲಿಂದ್ಲೇ ಬಸ್ ತಳ್ತಾ ಇದೀರಾ?”

“ಸ್ವಲ್ಪ ಅವಸರ ಇದೆ.”

“ಹಂಗಾದ್ರೆ ಇಳ್ದು ತಳ್ಳಿ. ಏರಿನಲ್ಲಿ ನಮಗೂ ಉಪಕಾರ ಆಗ್ತದೆ.”

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕು ಹಿಂದಕ್ಕೆ ಒರಗಿದೆ. ಮುಂದಿನ ತಿರುವು ಬರುವಷ್ಟರಲ್ಲಿ ಮತ್ತೆ ಕಂಬಿ ಹಿಡಿದಿದ್ದೆ.

ದೊಡ್ಡಮ್ಮನದು ಹೊಸನಗರದ ಅಂಚಿನಲ್ಲಿ ಹೊಸದಾಗಿ ಕಟ್ಟಿದ ಸಣ್ಣ ಮನೆ. ಮುಳುಗಿದ ಊರಿನಿಂದ ಕಿತ್ತು ತಂದ ದೊಡ್ಡ ಬಾಗಿಲನ್ನು ಅದಕ್ಕೆ ಕೂರಿಸಿದ್ದರಿಂದ, ಮನೆಗೆ ಬಾಗಿಲಿಟ್ಟಿದ್ದಾರೋ ಬಾಗಿಲಿಗೆ ಮನೆಯಿಟ್ಟಿದ್ದಾರೋ ಎಂದು ನೋಡಿದವರಿಗೆ ಅನುಮಾನವಾಗುತ್ತಿತ್ತು. ಜಗಲಿಯಲ್ಲಿ ಹುಣಿಸೇಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ದೊಡ್ಡಮ್ಮ ನನ್ನನ್ನು ನೋಡಿ ಸಂತೋಷಪಟ್ಟಳು. ನಾನು ಕಾಲು ತೊಳೆಯುವುದಕ್ಕೂ ಮೊದಲೇ ಟ್ರಂಕು ತೆಗೆದೆ. ಹಳೆಯ ಅಂಗಿ, ಅಪ್ಪನ ಕಾಗದಗಳು, ನನ್ನ ಕಾಲೇಜಿನ ನೋಟುಬುಕ್ಕು ಎಲ್ಲ ಇದ್ದವು.

“ದೊಡ್ಡಮ್ಮಾ, ಇದರಲ್ಲಿ ಒಂದು ನೀಲಿ ಪುಸ್ತಕ ಇತ್ತಲ್ಲ?”

“ಯಾವ್ದಾ ಅಪ್ಪಿ? ಸಿಂಹ, ಕುದ್ರೆ ಇದ್ದದ್ದಾ?”

“ಹೌದು ಹೌದು. ಅದೇ.”

“ಅದು ಹೋತಲ. ಮೊನ್ನೆ ಭಟ್ರ ಕೈಯಲ್ಲಿ ಕೊಟ್ಟು ಕಳ್ಸಿದೆ.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ ಎಂತ? ಹೊಳೆಗೆ.”

ಇಲ್ಲಿ ಒಂದು ಪದ್ಧತಿಯನ್ನು ವಿವರಿಸಬೇಕು. ನಮ್ಮ ಕಡೆ ಹಲವು ಮನೆಗಳಲ್ಲಿ ವರ್ಷ ಮುಗಿದ ಪಂಚಾಂಗವನ್ನು, ಹರಿದ ಸ್ತೋತ್ರದ ಪುಸ್ತಕವನ್ನು, ಗಾಜು ಒಡೆದ ದೇವರ ಪಟವನ್ನು ರದ್ದಿಗೆ ಹಾಕುವುದಿಲ್ಲ, ಒಲೆಗೂ ಹಾಕುವುದಿಲ್ಲ. ಕೆಂಪು ಬಟ್ಟೆಯಲ್ಲಿ ಗಂಟುಕಟ್ಟಿ, ಒಳಗೊಂದು ಕಲ್ಲಿಟ್ಟು, ಯುಗಾದಿಯ ಹಿಂದಿನ ಅಮಾವಾಸ್ಯೆಗೆ ಹೊಳೆಗೆ ಬಿಡುತ್ತಾರೆ. ಹಿಂದೆ ದೊಡ್ಡಮ್ಮನ ಮನೆಯ ಹಿತ್ತಿಲಲ್ಲೇ ಶರಾವತಿ ಹರಿಯುತ್ತಿದ್ದಳು, ನಾಲ್ಕು ಹೆಜ್ಜೆಯಲ್ಲಿ ಕೆಲಸ ಮುಗಿಯುತ್ತಿತ್ತು. ಅಣೆಕಟ್ಟು ಬಂದ ಮೇಲೆ ಶರಾವತಿ ನಿಂತುಬಿಟ್ಟಳು. ಕಣ್ಣು ಹಾಯಿಸಿದಷ್ಟೂ ನೀರು, ಆದರೆ ಹರಿವಿಲ್ಲ. ಹರಿಯದ ನೀರಿಗೆ ದೇವರ ಪಟ ಬಿಡಬಹುದೇ ಎಂಬ ಪ್ರಶ್ನೆ ಎದ್ದಿತು. ಸರ್ಕಾರ ಪರಿಹಾರದ ಪಟ್ಟಿ ಮಾಡುವಾಗ ಇದನ್ನು ಯೋಚಿಸಿರಲಿಲ್ಲ. ಕೊನೆಗೆ, ಅದೇ ಊರಿನಿಂದ ಎದ್ದು ತೀರ್ಥಹಳ್ಳಿಯಲ್ಲಿ ನೆಲೆಸಿದ್ದ ಭಟ್ಟರೊಬ್ಬರು ಪರಿಹಾರ ಕೊಟ್ಟರು. ವರ್ಷಕ್ಕೊಮ್ಮೆ ಅವರೇ ಹೊಸನಗರಕ್ಕೆ ಬಂದು, ಮುಳುಗಡೆಯ ಮನೆಗಳ ಗಂಟುಗಳನ್ನೆಲ್ಲ ಸಂಗ್ರಹಿಸಿ, ಬಸ್ಸಿನ ಮೇಲೆ ಹೇರಿಕೊಂಡು ಹೋಗಿ, ಹರಿಯುವ ತುಂಗೆಗೆ ಬಿಡುತ್ತಿದ್ದರು.

ಆ ವರ್ಷ ಭಟ್ಟರ ಗಂಟಿನಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪಾಸ್‌ಪೋರ್ಟೂ ಸೇರಿತ್ತು.

“ಅದು ಪಾಸ್‌ಪೋರ್ಟು ದೊಡ್ಡಮ್ಮಾ! ನನ್ನ ಪಾಸ್‌ಪೋರ್ಟು!”

“ನೀನೇ ಹೇಳಿದ್ಯಲ, ದೀಪಾವಳಿಗೆ ಬಂದಾಗ. ಇದ್ರ ವಾಯ್ದೆ ಮುಗ್ದು ಹತ್ತು ವರ್ಷ ಆತು ಅಂತ. ಹೋದ್ವರ್ಷದ ಪಂಚಾಂಗನೇ ನಾವು ಮನೇಲಿ ಇಟ್ಕಳದಿಲ್ಲ. ಹತ್ತು ವರ್ಷದ್ದು ಇಟ್ಕಳದಾ?”

“ಪಂಚಾಂಗಕ್ಕೂ ಇದಕ್ಕೂ ಏನು ಸಂಬಂಧ?”

“ಸಿಂಹದ ಚಿತ್ರ ಬೇರೆ ಇತ್ತು. ದುರ್ಗೆ ವಾಹನ. ರದ್ದಿಗೆ ಹಾಕಕ್ಕಾಗ್ತದಾ ನೀನೇ ಹೇಳು?”

“ಅದು ಇಂಗ್ಲೆಂಡಿನ ಅರಸರ ಮುದ್ರೆ!”

“ಅರಸರಿಗೆ ಮಾತ್ರ ದುರ್ಗೆ ಬೇಡ್ವಾ?” ಎಂದು ದೊಡ್ಡಮ್ಮ ಹುಣಿಸೇಹಣ್ಣನ್ನು ಪಕ್ಕಕ್ಕಿಟ್ಟಳು. ನನ್ನ ಮುಖ ನೋಡಿದ ಮೇಲೆ ಅವಳ ದನಿ ಇಳಿಯಿತು. “ಎಂತಕ್ಕಾ ಅಪ್ಪಿ, ಬೇಕಿತ್ತಾ ಅದು?”

ಅಕ್ಕನ ಕಾಗದ ಓದಿ ಹೇಳಿದೆ. ಬಾಡಿಗೆ ಮಾವ ಎಂಬಲ್ಲಿಗೆ ಬರುವಾಗ ದೊಡ್ಡಮ್ಮ ಸೆರಗನ್ನು ಬಾಯಿಗೆ ಹಿಡಿದಳು. ತಂಗಿ ಸತ್ತ ಮೇಲೆ ನನ್ನ ಅಕ್ಕನಿಗೆ ತವರು ಅಂತ ಇದ್ದದ್ದು ಇದೇ ಮನೆ. ಆ ತವರಿನಿಂದ ಹೋಗಬೇಕಾದ ಒಬ್ಬನೇ ಒಬ್ಬನ ದಾರಿಯನ್ನು ತಾನೇ ಕೆಂಪು ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದೇನೆ ಎಂಬುದು ಅವಳಿಗೆ ಆಗ ಅರ್ಥವಾಯಿತು. ಆಮೇಲೆ ಬೈದದ್ದು ನನ್ನನ್ನೇ. “ನೀನು ಮೊದ್ಲೇ ಹೇಳದಲ್ದಾ! ವಾಯ್ದೆ ಮುಗ್ದದ್ದೂ ಕೆಲ್ಸಕ್ಕೆ ಬರ್ತದೆ ಅಂತ ನಂಗೆಂಥ ಕನ್ಸು ಬೀಳ್ತದಾ?” ಎಂದಳು. ತಕ್ಷಣ ಗೋಡೆಯ ಪಂಚಾಂಗದ ಹತ್ತಿರ ಹೋಗಿ ಬೆರಳಿಟ್ಟು ನೋಡಿದಳು.

“ಅಮಾಸೆ ನಾಳೆ. ಬೆಳಿಗ್ಗೆ ಫಸ್ಟ್ ಬಸ್ಸಿಗೆ ಹೋಗು. ಭಟ್ರು ನಿಧಾನದೋರು, ಸಂಧ್ಯಾವಂದನೆ ಗಿಂದನೆ ಎಲ್ಲ ಮುಗ್ಸಿ ಬಿಡೋ ಹೊತ್ತಿಗೆ ಹತ್ತು ಗಂಟೆ ಆಗ್ತದೆ.”

ಭಟ್ಟರ ನಿಧಾನದ ಮೇಲೆ ಭಾರ ಹಾಕಿ ಮರುದಿನ ಮೊದಲ ಬಸ್ಸು ಹತ್ತಿದೆ. ಅದು ರಿಪ್ಪನ್‌ಪೇಟೆಯವರೆಗೆ ಸರಿಯಾಗಿಯೇ ಓಡಿತು. ಅಲ್ಲಿ ತೀರ್ಥಹಳ್ಳಿಯ ಬಸ್ಸಿಗೆ ಕಾಯಬೇಕಿತ್ತು. ಹೋಟೆಲಿನಲ್ಲಿ ಅವಲಕ್ಕಿ ಹೇಳಿದೆ, ಅದು ಬರುವ ಮೊದಲೇ ಹೊರಗೆ ಬಂದು ರಸ್ತೆ ನೋಡಿದೆ, ಒಳಗೆ ಹೋದೆ, ಮತ್ತೆ ಹೊರಗೆ ಬಂದೆ. ಹೋಟೆಲಿನವನು ಕೊನೆಗೆ ತಟ್ಟೆಯನ್ನು ರಸ್ತೆಗೇ ತಂದುಕೊಟ್ಟ. “ಇಲ್ಲೇ ತಿನ್ನಿ, ನೋಡ್ತಾ ನೋಡ್ತಾ. ನಿಮ್ಮಿಂದ ನಮ್ಮ ಬಾಗ್ಲು ಸವೀತದೆ” ಎಂದ. ನಿಂತೇ ತಿಂದೆ. ಬಸ್ಸು ಬಂತು. ಕೋಣಂದೂರಿನಲ್ಲಿ ಮದುವೆ ಮುಗಿಸಿ ಮರಳುತ್ತಿದ್ದ ದಿಬ್ಬಣವೊಂದು ಹತ್ತಿತು. ಅವರ ಪಾತ್ರೆ, ಹಾಸಿಗೆ, ಬುಟ್ಟಿಗಳನ್ನೆಲ್ಲ ಬಸ್ಸಿನ ಮೇಲೇರಿಸುವಷ್ಟರಲ್ಲಿ ನಾನು ಮನಸ್ಸಿನಲ್ಲೇ ನಾಲ್ಕು ಸಲ ತುಂಗೆಗೆ ಇಳಿದು ನಾಲ್ಕು ಸಲ ಗಂಟು ಹಿಡಿದಿದ್ದೆ. ಗಾಬರಿಯಾದ ಮನುಷ್ಯನಿಗೆ ಬೇರೆಯವರ ಮದುವೆಯಷ್ಟು ಅನಗತ್ಯವಾಗಿ ಕಾಣುವ ವಸ್ತು ಇನ್ನೊಂದಿಲ್ಲ.

ತೀರ್ಥಹಳ್ಳಿಯಲ್ಲಿ ಇಳಿದಾಗ ಒಂಬತ್ತೂವರೆ. ನೇರವಾಗಿ ಹೊಳೆಗೆ ನಡೆದೆ, ನಡೆದೆ ಎನ್ನುವುದು ಮರ್ಯಾದೆಯ ಮಾತು. ಬೇಸಿಗೆಯ ತುಂಗೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಒಂದು ಬಂಡೆಯ ಮೇಲೆ ಭಟ್ಟರು ಒದ್ದೆ ಪಂಚೆ ಹರವಿ, ಅದರ ನಾಲ್ಕು ಮೂಲೆಗೂ ಕಲ್ಲಿಡುತ್ತಿದ್ದರು. ಪಕ್ಕದಲ್ಲಿ ಖಾಲಿ ಗೋಣಿಚೀಲವಿತ್ತು.

ಅದು ಖಾಲಿ ಎಂಬುದೇ ನನಗೆ ಮೊದಲು ಕಂಡದ್ದು.

“ಓಹೋ ಮೇಷ್ಟ್ರು! ಸಾಗರದೋರು ತುಂಗಾಸ್ನಾನಕ್ಕೆ ಬಂದ್ರಾ?”

“ಭಟ್ಟರೇ, ದೊಡ್ಡಮ್ಮನ ಮನೆಯ ಗಂಟು...”

“ಆಯ್ತು. ಎಲ್ಲದಕ್ಕಿಂತ ಮೊದ್ಲು ಅವ್ರದ್ದೇ. ಈ ಸಲ ಸೂರ್ಯೋದಯಕ್ಕೇ ಮುಗಿಸ್ದೆ. ಆಮೇಲೆ ಬಿಸಿಲು ಏರ್ತದೆ ನೋಡಿ.”

ಆಯುಷ್ಯದಲ್ಲಿ ಒಂದೇ ಒಂದು ದಿನ ಅವರು ಬೇಗ ಎದ್ದಿದ್ದರು. ನಾನು ಖಾಲಿ ಗೋಣಿಚೀಲವನ್ನು ತಲೆಕೆಳಗು ಮಾಡಿ ಕೊಡವಿದೆ. ಅವರು ಗಾಬರಿಯಾಗಿ, “ಎಂತಾಯ್ತು? ಲೋಪ ಎಂತ ಆಗ್ಲಿಲ್ಲ. ಮಂತ್ರ ಬಿಟ್ಟಿಲ್ಲ, ಅಕ್ಷತೆ ಬಿಟ್ಟಿಲ್ಲ” ಎಂದರು.

“ಅದರಲ್ಲಿ ಒಂದು ನೀಲಿ ಪುಸ್ತಕ ಇತ್ತು.”

“ಇತ್ತು. ನೋಡಿದೆ.” ಅವರ ಮುಖದಲ್ಲಿ ಒಮ್ಮೆಲೇ ಜವಾಬ್ದಾರಿ ಅರಿತ ಮನುಷ್ಯನ ಗಾಂಭೀರ್ಯ ಬಂತು. “ಅದ್ರ ಬಗ್ಗೆ ನಾನೇ ನಿಮಗೊಂದು ಕಾಗ್ದ ಹಾಕೋನಿದ್ದೆ. ಬಿಡೋ ಮೊದ್ಲು ಗಂಟು ಬಿಚ್ಚಿ ನೋಡೋದು ನನ್ನ ಕ್ರಮ. ಒಳಗೆ ನಿಮ್ಮ ಪಟ ಇತ್ತು. ಬದ್ಕಿರೋ ಮನುಷ್ಯನ ಪಟನ ನೀರಿಗೆ ಬಿಡೋದು ಉಂಟಾ? ಅಪಚಾರ ಅಲ್ವಾ? ನಿಮ್ಮ ದೊಡ್ಡಮ್ಮನಿಗೆ ಗೊತ್ತಾಗ್ಲಿಲ್ಲ ಪಾಪ. ನಾನು ಸುಮ್ನಿರಕ್ಕಾಗ್ತದಾ?”

ಒಂದು ಕ್ಷಣ ನನಗೆ ಜೀವ ಬಂದಂತಾಯಿತು. “ಹಾಗಾದರೆ ಬಿಡಲಿಲ್ಲ?”

“ಪಟ ಬಿಡ್ಲಿಲ್ಲ.” ಭಟ್ಟರು ತಮ್ಮ ಕೈಚೀಲದಿಂದ ಹೊಸ ವರ್ಷದ ಪಂಚಾಂಗ ತೆಗೆದರು. ಅದರ ಹಾಳೆಗಳ ನಡುವಿನಿಂದ ಒಂದು ಸಣ್ಣ ಫೋಟೋ ತೆಗೆದು ಎರಡೂ ಕೈಯಲ್ಲಿ ನನಗೆ ಕೊಟ್ಟರು. “ಗೋಂದು ಗಟ್ಟಿ ಇತ್ತು. ಚೆಂಬಲ್ಲಿ ನೀರು ಕಾಯ್ಸಿ ಹಬೆಗೆ ಹಿಡಿದು ಬಿಡ್ಸಿದೆ. ಒಂದು ಮೂಲೆನೂ ಹರೀಲಿಲ್ಲ ನೋಡಿ. ಪುಸ್ತಕನ ಮಾತ್ರ ಬಿಟ್ಟೆ.”

ನಿಜ, ಒಂದು ಮೂಲೆಯೂ ಹರಿದಿರಲಿಲ್ಲ. ಎಣ್ಣೆ ಹಚ್ಚಿ ಬಾಚಿದ ತಲೆಯ ಹದಿನೈದು ವರ್ಷದ ಹುಡುಗ, ಮುಂದೆ ಆಗಲಿರುವುದನ್ನೆಲ್ಲ ಬಲ್ಲವನಂತೆ ನನ್ನನ್ನು ನೋಡುತ್ತಿದ್ದ. ಕೆಳಗಿನ ಮೂಲೆಯಲ್ಲಿ ಸರ್ಕಾರದ ಮುದ್ರೆಯ ಅರ್ಧ ವೃತ್ತವಿತ್ತು. ಉಳಿದರ್ಧ ಪುಸ್ತಕದ ಹಾಳೆಯ ಮೇಲೆ, ಹಾಳೆ ತುಂಗೆಯ ತಳದಲ್ಲಿ.

ಪಾಸ್‌ಪೋರ್ಟೆಂದರೆ ಏನೆಂದು ಭಟ್ಟರಿಗೆ ವಿವರಿಸಿದೆ. ಅವರು ಶಾಂತವಾಗಿ ಕೇಳಿ, ಎಲ್ಲಿ ಬಿಟ್ಟದ್ದೆಂದು ತೋರಿಸಿದರು. ಎರಡು ಬಂಡೆಗಳ ನಡುವೆ ಹಸಿರು ತಿರುಗಿದ ಮಡು. ಪಂಚೆ ಮೇಲೆ ಕಟ್ಟಿ ಇಳಿದೇಬಿಟ್ಟೆ. ಸೊಂಟದವರೆಗೆ ಬಂದಾಗ ಕಾಲಿಗೆ ಗಂಟೊಂದು ಸಿಕ್ಕಿತು. ಎತ್ತಿ ದಡಕ್ಕೆ ತಂದು ಬಿಚ್ಚಿದೆ. ಗಾಜಿಲ್ಲದ ಲಕ್ಷ್ಮಿಯ ಪಟ, ಒಂದು ಹರಿದ ಪಾರಾಯಣದ ಪುಸ್ತಕ.

“ಅದು ಬೇರೆ ಮನೇದು ಮೇಷ್ಟ್ರೇ! ವಾಪಸ್ ಬಿಡಿ, ವಾಪಸ್ ಬಿಡಿ!” ಎಂದು ಭಟ್ಟರು ಬಂಡೆಯ ಮೇಲಿಂದ ಕೂಗಿದರು. ಬಿಡುವಾಗ ಮಂತ್ರವನ್ನೂ ಮತ್ತೊಮ್ಮೆ ಹೇಳಿದರು. ಅವರು ಕೆಲಸದಲ್ಲಿ ಲೋಪ ಮಾಡುವವರಲ್ಲ.

ಇನ್ನೊಂದು ಗಂಟು ಸಿಕ್ಕಿತು, ಅದೂ ಬೇರೆಯವರದು. ಬಟ್ಟೆ ಒಗೆಯುತ್ತಿದ್ದವನೊಬ್ಬ ಕೈ ನಿಲ್ಲಿಸಿ ನೋಡುತ್ತಿದ್ದ. “ಅದ್ರಾಚೆ ಇಳೀಬೇಡಿ ಸ್ವಾಮಿ. ಆಚೆ ತಳ ಇಲ್ಲ. ಆನೆ ಇಳಿದ್ರೂ ಬೆನ್ನು ಕಾಣದಿಲ್ಲ” ಎಂದ. ಕಾಲಿಟ್ಟು ನೋಡಿದೆ. ತಳವಿರಲಿಲ್ಲ. ಈಜು ಬಾರದ ಇತಿಹಾಸದ ಮೇಷ್ಟ್ರು ಸಾಮ್ರಾಜ್ಯವೊಂದನ್ನು ಹುಡುಕಿಕೊಂಡು ಹೋಗಬಹುದಾದ ದೂರ ಅಷ್ಟೇ. ಮೇಲೆ ಬಂದು ಭಟ್ಟರ ಪಂಚೆಯ ಪಕ್ಕ ನನ್ನ ಪಂಚೆಯನ್ನೂ ಹರವಿದೆ. ಅವರು ಮೂಲೆಗಳಿಗಿಡಲು ನಾಲ್ಕು ಕಲ್ಲು ಹುಡುಕಿಕೊಟ್ಟರು. ಕೊನೆಯ ಕಲ್ಲು ಕೊಡುವಾಗ, “ತಪ್ಪಾಯ್ತು ಮೇಷ್ಟ್ರೇ” ಎಂದರು.

ಸಾಗರಕ್ಕೆ ಮರಳಿ ಅಕ್ಕನಿಗೆ ಕಾಗದ ಬರೆದೆ. ನಡೆದದ್ದನ್ನು ನಡೆದ ಹಾಗೆ ಬರೆದರೆ ಯಾರೂ ನಂಬುವಂತಿರಲಿಲ್ಲ. ಮೂರು ಸಲ ಹರಿದುಹಾಕಿ, ನಾಲ್ಕನೆಯ ಸಲ ನಡೆದ ಹಾಗೆಯೇ ಬರೆದೆ. ಉತ್ತರ ಬರುವವರೆಗೆ ಟಪಾಲಿನವನನ್ನು ಶಾಲೆಯ ಗೇಟಿನಲ್ಲೇ ಹಿಡಿಯುವುದು ನನ್ನ ದಿನಚರಿಯಾಯಿತು. ಅವನು ದೂರದಿಂದಲೇ ಎರಡೂ ಕೈ ಎತ್ತಿ ಖಾಲಿ ತೋರಿಸುತ್ತಿದ್ದ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಪಾಣಿಪತ್ತಿನ ಯುದ್ಧಕ್ಕೆ ಎಷ್ಟು ಅಂಕ ಕೊಟ್ಟೆನೋ ನನಗೇ ಗೊತ್ತಿಲ್ಲ. ಆ ವರ್ಷ ಇತಿಹಾಸದಲ್ಲಿ ಯಾರೂ ನಪಾಸಾಗಲಿಲ್ಲ.

ಅಂತೂ ಅಕ್ಕನ ಉತ್ತರ ಬಂತು. ಮೊದಲ ಪುಟ ತುಂಬ ಬೈಗುಳ. ಎರಡನೆಯ ಪುಟದಲ್ಲಿ, ಭಾವ ಯಾರ ಯಾರನ್ನೋ ಕಂಡು ಅನುಮತಿಯ ಕಾಗದವೊಂದನ್ನು ಮಾಡಿಸಿದ್ದಾರೆಂಬ ಸುದ್ದಿ. ಆ ಕಾಗದವೂ ಲಕೋಟೆಯಲ್ಲಿತ್ತು. ಭಾರತದ ಪಾಸ್‌ಪೋರ್ಟಿನಲ್ಲಿ ಬರುವ ಇಂಥವನನ್ನು ಸಂದರ್ಶಕನಾಗಿ ಹದಿನಾಲ್ಕು ದಿನದ ಮಟ್ಟಿಗೆ ಇಳಿಸಿಕೊಳ್ಳಬಹುದು, ಆದರೆ ಇಂಥ ದಿನದೊಳಗೆ ಅವನು ಬಂದು ಇಳಿದಿರತಕ್ಕದ್ದು. ಮದ್ರಾಸಿನಿಂದ ಹೊರಡುವ ಹಡಗು ಆ ದಿನಕ್ಕೆ ಎರಡು ದಿನ ಮೊದಲೇ ಮುಟ್ಟುತ್ತಿತ್ತು. ಮುಹೂರ್ತ ಆ ಗಡುವು ಮುಗಿದು ಐದು ದಿನಕ್ಕೆ. ಲೆಕ್ಕ ಸರಿಯಾಗಿತ್ತು.

ಮದ್ರಾಸಿನ ಬಂದರಿನಲ್ಲಿ ನಮ್ಮ ಅಧಿಕಾರಿ ಪಾಸ್‌ಪೋರ್ಟು ತಿರುವಿ, ಹುಟ್ಟಿದ ಊರಿನ ಹತ್ತಿರ ನಿಂತರು.

“ಸಿಂಗಾಪುರ. ಹಾಗಾದರೆ ನಿಮ್ಮ ಹತ್ತಿರ ಬೇರೆ ದೇಶದ ಪಾಸ್‌ಪೋರ್ಟು ಏನಾದರೂ ಇದೆಯೋ?”

“ಇಲ್ಲ ಸಾರ್” ಎಂದೆ.

ಎರಡು ತಿಂಗಳ ಹಿಂದೆ ಇದೇ ಉತ್ತರ ಕೊಟ್ಟಿದ್ದರೆ ಸುಳ್ಳಾಗುತ್ತಿತ್ತು. ಆ ದಿನ ಅದು ಸತ್ಯವಾಗಿತ್ತು. ಭಟ್ಟರು ಬೆಳಗಿನ ಜಾವ ಎದ್ದು ಪಟ್ಟ ಶ್ರಮಕ್ಕೆ ಸಿಕ್ಕ ಪುಣ್ಯ ಇಷ್ಟು.

ಹಡಗು ಹೊರಟದ್ದು ಸರಿಯಾದ ಹೊತ್ತಿಗೆ. ಎರಡನೆಯ ದಿನ ಯಂತ್ರದಲ್ಲಿ ಏನೋ ಕೆಟ್ಟು ನಿಂತಿತು. ರಿಪ್ಪನ್‌ಪೇಟೆಯಲ್ಲಿ ಬಸ್ಸು ತಡವಾದರೆ ರಸ್ತೆಗೆ ಬಂದು ನೋಡಬಹುದು. ನಡುಸಮುದ್ರದಲ್ಲಿ ಎಲ್ಲಿಗೆ ಬಂದು ನೋಡುವುದು? ಡೆಕ್ಕಿನ ಈ ತುದಿಯಿಂದ ಆ ತುದಿಗೆ ನಡೆದೆ. ತಂಜಾವೂರಿನ ಕಡೆಯ ಮುದುಕಿಯೊಬ್ಬಳು ಚಾಪೆ ಹಾಸಿ ಕೂತವಳು, ಪ್ರತಿ ಸಲವೂ ನನಗಾಗಿ ಕಾಲು ಮಡಚಿ ಮಡಚಿ ಸಾಕಾಗಿ, “ನೀನು ನಡೆದರೂ ಹಡಗು ನಡೆಯುವುದಿಲ್ಲ ಕಣಪ್ಪ, ಕೂತುಕೋ” ಎಂದು ತಮಿಳಿನಲ್ಲಿ ಹೇಳಿದಳು. ಎರಡು ದಿನ ಕಳೆದು ಹಡಗು ಹೊರಟಿತು. ಪೆನಾಂಗಿನಲ್ಲಿ ಇನ್ನೊಂದು ದಿನ ಹೋಯಿತು. ನಾವು ಸಿಂಗಾಪುರ ಮುಟ್ಟಿದಾಗ ನನ್ನ ಅನುಮತಿಯ ಕಾಗದದ ಗಡುವು ಹಿಂದಿನ ದಿನಕ್ಕೆ ಮುಗಿದಿತ್ತು. ಅಲ್ಲಿಗೆ ನನ್ನ ಹತ್ತಿರ ನೀರಿನಲ್ಲಿ ಮುಳುಗಿದ ಹಳೆಯ ಪಾಸ್‌ಪೋರ್ಟು ಒಂದು, ಸಮುದ್ರದ ಮೇಲೆ ಹಳತಾದ ಅನುಮತಿ ಒಂದು.

ಮೇಜಿನ ಹಿಂದೆ ಇದ್ದವರು ವಯಸ್ಸಾದ ತಮಿಳು ಅಧಿಕಾರಿ, ಹಣೆಯ ಮೇಲೆ ಅಳಿಸಿಯೂ ಅಳಿಸದ ವಿಭೂತಿ. ಕಾಗದದ ದಿನಾಂಕದ ಮೇಲೆ ಪೆನ್ಸಿಲ್ಲಿನಿಂದ ತಟ್ಟಿದರು.

“ಇದು ನಿನ್ನೆಗೆ ಮುಗಿದಿದೆ. ಇದೇ ಹಡಗಿನಲ್ಲಿ ನಿಮ್ಮನ್ನು ವಾಪಸು ಕಳಿಸಬೇಕಾಗುತ್ತದೆ.”

“ನಾನು ಹುಟ್ಟಿದ್ದು ಇಲ್ಲೇ ಸಾರ್.”

“ಅದಕ್ಕೆ ದಾಖಲೆ?”

ಕಿಸೆಯಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಅರ್ಧ ಮುದ್ರೆಯನ್ನು ನೋಡಿದರು.

“ಇದು ನಮ್ಮ ಹಳೆಯ ಆಫೀಸಿನ ಸೀಲು. ಉಳಿದರ್ಧ ಎಲ್ಲಿ?”

“ಹೊಳೆಯಲ್ಲಿ.”

ಅವರು ಪೆನ್ಸಿಲ್ಲು ಕೆಳಗಿಟ್ಟರು. ನಾನು ಚಿಕ್ಕಂದಿನಲ್ಲಿ ಬೀದಿಯಲ್ಲಿ ಕಲಿತ ತಮಿಳನ್ನು ಒಟ್ಟುಮಾಡಿಕೊಂಡು ಪಂಚಾಂಗದಿಂದ ಹಿಡಿದು ಮಡುವಿನವರೆಗೆ ಹೇಳಿದೆ. ಹಿಂದಿನ ಸಾಲಿನವರು ಗೊಣಗತೊಡಗಿದರು. ಅಧಿಕಾರಿ ನಗಲಿಲ್ಲ. “ಹರಿಯುವ ನೀರಿಗೇ ಬಿಡಬೇಕು, ಅದು ಸರಿ” ಎಂದಷ್ಟೇ ಹೇಳಿ, “ಬಂದದ್ದು ಯಾವ ಕೆಲಸಕ್ಕೆ?” ಎಂದು ಕೇಳಿದರು.

“ಅಕ್ಕನ ಮಗಳ ಮದುವೆ. ಇನ್ನು ನಾಲ್ಕು ದಿನಕ್ಕೆ ಮುಹೂರ್ತ. ನಾನು ಸೋದರಮಾವ.”

“ತಾಯ್‌ಮಾಮನಾ?” ಅವರು ತಲೆ ಎತ್ತಿದರು. “ಬೇರೆ ಮಾಮಂದಿರು?”

“ಇಲ್ಲ. ನಾನೊಬ್ಬನೇ.”

ಕಟಕಟೆಯ ಆಚೆ ಜನರ ನಡುವೆ ಒಬ್ಬ ಹೆಂಗಸು ಕಂಬಿ ಹಿಡಿದು ನಿಂತಿದ್ದಳು. ಹದಿನೈದು ವರ್ಷದಲ್ಲಿ ದಪ್ಪಗಾಗಿದ್ದರೂ ನಿಂತ ರೀತಿಯಿಂದ ಗುರುತು ಸಿಕ್ಕಿತು. ಅಧಿಕಾರಿ ನನ್ನ ದೃಷ್ಟಿ ಹೋದತ್ತ ನೋಡಿದರು. ಆಮೇಲೆ ಪಾಸ್‌ಪೋರ್ಟು, ಕಾಗದ, ಫೋಟೋ ಮೂರನ್ನೂ ತೆಗೆದುಕೊಂಡು ಒಳಗೆ ಹೋದರು. ಸ್ವಿಂಗ್ ಬಾಗಿಲು ಎರಡು ಸಲ ತೂಗಿ ನಿಂತಿತು. ನನ್ನನ್ನು ಸಾಲಿನ ಪಕ್ಕಕ್ಕೆ ನಿಲ್ಲಿಸಿದರು. ನಿಂತೆ ಎಂದು ಬರೆಯಲು ಸಂಕೋಚವಾಗುತ್ತದೆ, ಅಲ್ಲಿದ್ದ ಆರು ಚೌಕದ ಕಲ್ಲುಗಳ ಮೇಲೆ ಹಿಂದೆ ಮುಂದೆ ತುಳಿಯುತ್ತಿದ್ದೆ. ಅಕ್ಕ ಕೈಸನ್ನೆಯಲ್ಲಿ ಏನೆಂದು ಕೇಳಿದಳು. ಅರ್ಧ ಮುದ್ರೆಯನ್ನು ಕೈಸನ್ನೆಯಲ್ಲಿ ಹೇಗೆ ಹೇಳುವುದು?

ಅರ್ಧ ಗಂಟೆಯ ಮೇಲೆ ಅವರು ಬಂದರು. ಪಾಸ್‌ಪೋರ್ಟಿನಲ್ಲಿ ಮುದ್ರೆ ಬಿದ್ದಿತ್ತು. ಸಂದರ್ಶಕ, ಹದಿನಾಲ್ಕು ದಿನ, ಇಂದಿನಿಂದ.

“ಫೋಟೋ?” ಎಂದೆ.

“ಅದು ಫೈಲಿನಲ್ಲಿ ಇರಬೇಕು. ಯಾವ ಆಧಾರದ ಮೇಲೆ ಇಳಿಸಿದಿರಿ ಎಂದು ನಾಳೆ ನನ್ನನ್ನು ಕೇಳುತ್ತಾರೆ.” ಪಾಸ್‌ಪೋರ್ಟು ನನ್ನತ್ತ ಸರಿಸಿದರು. “ನೀವು ಇಲ್ಲಿಯವರು ಎಂದು ನಾನು ಬರೆದಿಲ್ಲ. ಮದುವೆಗೆ ಬಂದವರು ಎಂದು ಬರೆದಿದ್ದೇನೆ. ಹೋಗಿ.”

ಆ ಫೋಟೋದ ಜೊತೆಗೆ ನನ್ನ ಎರಡನೆಯ ಪ್ರಜೆತನವೂ ಯಾವುದೋ ಕಪಾಟು ಸೇರಿತು. ಅದಕ್ಕಾಗಿ ದುಃಖಪಡಲು ಆಗ ಸಮಯವಿರಲಿಲ್ಲ. ಕಟಕಟೆ ದಾಟಿದ ಕೂಡಲೇ ಅಕ್ಕ ತೋಳು ಹಿಡಿದಳು. ಹದಿನೈದು ವರ್ಷಗಳ ನಂತರದ ಮೊದಲ ಮಾತು ಇದು:

“ಒಂದು ಪುಸ್ತಕ ಜೋಪಾನ ಮಾಡಕ್ಕಾಗ್ಲಿಲ್ವನಾ ನಿಂಗೆ?”

ನಾಲ್ಕನೆಯ ದಿನ ಒಂದು ಬಾಡಿಗೆ ಸಭಾಂಗಣದಲ್ಲಿ ಮದುವೆ. ಹುಡುಗಿಯನ್ನು ನಾನು ಕೊನೆಯ ಸಲ ನೋಡಿದ್ದು ಅವಳಿಗೆ ಐದು ವರ್ಷವಿದ್ದಾಗ. ಒಳಕೋಣೆಯಲ್ಲಿ ಜರಿ ಸೀರೆಯುಟ್ಟು ನಿಂತವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಮಾವ, ನಿಜವಾಗ್ಲೂ ಎತ್ತಬೇಕಾ? ನಡ್ಕೊಂಡೇ ಬರ್ತೀನಿ, ಯಾರ್ಗೂ ಹೇಳಲ್ಲ” ಎಂದಳು. ಅಕ್ಕನ ಅತ್ತೆಯ ಮನೆಯವರು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ನಾನು ಎತ್ತಿದೆ. ಕೋಣೆಯಿಂದ ಮಂಟಪಕ್ಕೆ ಅಷ್ಟೇನೂ ದೂರವಿರಲಿಲ್ಲ. ಆದರೆ ನನ್ನ ಉಸಿರು ಅರ್ಧದಲ್ಲೇ ಮುಗಿದಿತ್ತು. “ಯಾರ ಕಡೆಯವರು?” ಎಂದು ಹಿಂದೆ ಯಾರೋ ಕೇಳಿದ್ದು, “ನನ್ನ ತಮ್ಮ, ಊರಿಂದ ಬಂದಿದಾನೆ” ಎಂದು ಅಕ್ಕ ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದ್ದು ಕೇಳಿಸಿತು. ಯಾವ ಊರೆಂದು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಹುಡುಗಿಯನ್ನು ಮಣೆಯ ಮೇಲೆ ಇಳಿಸಿ, ಅಭ್ಯಾಸದಂತೆ ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಅಕ್ಕ ನನ್ನ ಕೈಗೊಂದು ತೆಂಗಿನಕಾಯಿ ಕೊಟ್ಟಳು.

“ಎಲ್ಲಿಗೆ ಹೊರಟ್ಯಾ ಮತ್ತೆ? ಅಲ್ಲೇ ನಿಲ್ಲು, ಅವಳ ಬಲಕ್ಕೆ.”

ನಿಂತೆ.